ಧಾತು–ಈಶ್ವರದ ಬರಕ್ಕೆ ಯಾವ ಹೆಸರು?

ಹೋದ ವಾರ ಅಕ್ಕನ ಮಗನ ಜೊತೆ ರೈಲಲ್ಲಿ ಮೈಸೂರಿಗೆ ಹೋಗುತ್ತಿದ್ದೆ. ಮದ್ದೂರು ವಡೆ ಮುರಿಯುತ್ತಾ ಸುಮ್ನೆ ಹೇಳಿದೆ, "ಈ ಹಳಿಗೆ ಮೊದಲು ಮಣ್ಣು ಹೊತ್ತವರು ಬರಗಾಲದ ಕೂಲಿಗಳು ಕಣೋ." ಎಷ್ಟು ಜನ ಸತ್ತರು ಅಂದ. ಮೈಸೂರು ಸಂಸ್ಥಾನದಲ್ಲೇ ಹತ್ತು ಲಕ್ಷದ ಹತ್ತಿರ ಅಂದೆ. "ಹಾಗಾದ್ರೆ ಅದು ಜೆನೊಸೈಡ್, ಜನಾಂಗಹತ್ಯೆ ಅಲ್ವಾ ಮಾವ?"

ಶ್ರೀರಂಗಪಟ್ಟಣದವರೆಗೂ ಅದೇ ಜಗಳ.

ನಮ್ಮ ಕಡೆ ಹಿರಿಯರು ಆ ಬರಗಾಲವನ್ನು ಧಾತು–ಈಶ್ವರದ ಬರ ಅನ್ನುತ್ತಿದ್ದರು. 1876 ಧಾತು ಸಂವತ್ಸರ, ಮುಂದಿನದು ಈಶ್ವರ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷವೂ ಇರಲಿಲ್ಲ. ಬಳ್ಳಾರಿ, ಬಿಜಾಪುರದ ಸೀಮೆಯಲ್ಲೂ ಇದೇ ಗೋಳು. ಮೈಸೂರು ಆಗ ಅರಸರ ಕೈಯಲ್ಲಿ ಇರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರ್‌ಗಳೇ ಆಳುತ್ತಿದ್ದರು.

ಮಳೆ ಕೈಕೊಟ್ಟಿದ್ದಕ್ಕೆ ಯಾರನ್ನೂ ಬೈಯಲಾಗದು. ನನ್ನನ್ನು ಕಾಡುವುದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕತೆ. 1873–74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಮನುಷ್ಯ ಬರ್ಮಾದಿಂದ ಲಕ್ಷಾಂತರ ಟನ್ ಅಕ್ಕಿ ತರಿಸಿ ಹಂಚಿದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಅದಕ್ಕೆ ಸಿಕ್ಕ ಬಹುಮಾನ ಏನು ಗೊತ್ತಾ? ದುಡ್ಡು ದಂಡ ಮಾಡಿದ ಅಂತ ಛೀಮಾರಿ. ಮೂರು ವರ್ಷದ ನಂತರ ಅವನನ್ನೇ ದಕ್ಷಿಣಕ್ಕೆ ಕಳಿಸಿದರು, ಖರ್ಚು ಹಿಡಿತದಲ್ಲಿಡು ಅಂತ. ಈ ಸಲ ಪಾಠ ಕಲಿತು ಬಂದಿದ್ದ. ಮದರಾಸು ಪ್ರಾಂತ್ಯದ ಪರಿಹಾರ ಕೆಲಸಗಳಲ್ಲಿ ಗಂಡಾಳಿನ ದಿನಗೂಲಿ ಒಂದು ಪೌಂಡ್ ಧಾನ್ಯಕ್ಕೆ ಇಳಿಯಿತು, ಜೊತೆಗೆ ಚೂರು ಕಾಸು. ಒಂದು ಪೌಂಡ್ ಅಂದರೆ ಅರ್ಧ ಕೇಜಿಗೂ ಕಡಿಮೆ. ಬಿಸಿಲಲ್ಲಿ ಕಲ್ಲು ಒಡೆಯುವವನಿಗೆ! ಇದರಲ್ಲಿ ಜನ ಬದುಕಲ್ಲ ಅಂತ ಅಲ್ಲಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್ ಪಟ್ಟುಹಿಡಿದು ಬರೆದ. ತಿಂಗಳುಗಳ ನಂತರ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಎಷ್ಟೋ ಜನ ಹೋಗಿದ್ದರು.

ಆ ಕೂಲಿ ಕತ್ತರಿಸಿದ್ದು 1877ರ ಜನವರಿಯಲ್ಲಿ. ಅದೇ ತಿಂಗಳ 1ನೇ ತಾರೀಕು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದ್ದ. ಧಾನ್ಯದ ಬೆಲೆ ಇಳಿಸಲು ಸರ್ಕಾರ ಕೈಹಾಕಬಾರದು ಅನ್ನುವುದು ಅವನ ನಿಲುವು. ಇತ್ತ ಜನ ಸಾಯುತ್ತಿದ್ದರೆ ಅತ್ತ ಹಡಗುಗಳಲ್ಲಿ ಗೋಧಿ ಯುರೋಪಿಗೆ ಹೋಗುತ್ತಲೇ ಇತ್ತು. ನಮ್ಮ ವರ್ತಕರೇನೂ ಸಾಚಾಗಳಲ್ಲ, ದಾಸ್ತಾನು ಇಟ್ಟುಕೊಂಡು ರೇಟು ಏರಲಿ ಅಂತ ಕಾದವರು ಬೇಕಾದಷ್ಟು ಜನ.

ಇಷ್ಟೆಲ್ಲ ಹೇಳಿಯೂ ನಾನು ಜೆನೊಸೈಡ್ ಅನ್ನಲು ಒಪ್ಪಲಿಲ್ಲ. 1948ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಒಂದು ಜನಾಂಗವನ್ನು ಪೂರ್ತಿಯಾಗಿಯೋ ಭಾಗಶಃವೋ ಅಳಿಸುವ ಉದ್ದೇಶ ಇರಬೇಕು. ಹುಡುಗ ಬಿಡಬೇಕಲ್ಲ. ಫೋನ್ ತೆಗೆದು, ಬದುಕಲಾಗದ ಸ್ಥಿತಿಯನ್ನು ಬೇಕಂತಲೇ ಹೇರುವುದೂ ಅದರಲ್ಲಿ ಸೇರಿದೆ ಅಂತ ತೋರಿಸಿದ. ನಿಜ, ಸೇರಿದೆ. ಆದರೆ ಅಲ್ಲೂ ಅಳಿಸುವ ಲೆಕ್ಕಾಚಾರ ಇರಬೇಕು. 1933ರ ಜನವರಿಯಲ್ಲಿ ಸ್ಟಾಲಿನ್ ಸರ್ಕಾರ ಹಸಿದ ರೈತರು ಉಕ್ರೇನ್ ಬಿಟ್ಟು ಹೋಗದಂತೆ ಗಡಿ ಮುಚ್ಚಿತು. ಅಲ್ಲಿ ಆ ವಾದಕ್ಕೆ ಬಲ ಜಾಸ್ತಿ. ಆದರೂ ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಲಿಟ್ಟನ್‌ಗೆ ಕನ್ನಡಿಗರೋ ತಮಿಳರೋ ನಿರ್ನಾಮ ಆಗಬೇಕು ಅಂತ ಇರಲಿಲ್ಲ. ಅವರು ಬದುಕಲು ಎಷ್ಟು ಖರ್ಚಾಗುತ್ತೆ ಅನ್ನುವುದಷ್ಟೇ ಅವನ ಚಿಂತೆ.

ಹಾಗಂತ ಬರೀ "ಬರಗಾಲ" ಅಂದರೆ ನನ್ನ ಹೊಟ್ಟೆ ಉರಿಯುತ್ತೆ. ಬ್ರಿಟಿಷರೇ 1860ರಲ್ಲಿ ನಮಗೆ ಒಂದು ದಂಡ ಸಂಹಿತೆ ಮಾಡಿಕೊಟ್ಟರಲ್ಲ, 2024ರವರೆಗೂ ಜಾರಿಯಲ್ಲಿತ್ತು, ಅದರ 299ನೇ ಕಲಂ ನೋಡಿ. ಕೊಲ್ಲುವ ಉದ್ದೇಶವೇ ಇರಬೇಕಿಲ್ಲ. ತಾನು ಮಾಡುವ ಕೆಲಸದಿಂದ ಸಾವು ಆಗಬಹುದು ಅಂತ ಗೊತ್ತಿದ್ದೂ ಮಾಡಿದರೆ ಸಾಕು, ಅದು ದಂಡನೀಯ ನರಹತ್ಯೆ. ಟೆಂಪಲ್‌ಗೆ ಬಿಹಾರದಿಂದಲೇ ಗೊತ್ತಿತ್ತು. ಸಾಲದು ಅಂತ ಕಾರ್ನಿಶ್ ಬರೆದೂ ತಿಳಿಸಿದ್ದ. ಅವರದೇ ಕಾನೂನಿನ ಪದ ಇದು, ನನಗೆ ಇದೇ ಸರಿ ಕಾಣುತ್ತೆ. ಹುಡುಗನಿಗೆ ಸಮಾಧಾನ ಆಗಲಿಲ್ಲ. "ಲಾಯರ್ ಥರ ಮಾತಾಡ್ತೀರ" ಅಂದ.

ಇಳಿಯುವ ಮುಂಚೆ ಇನ್ನೊಂದು ಹೇಳಿದೆ. 1881ರ ಮಾರ್ಚ್ 25ರಂದು ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ಸಂಸ್ಥಾನ ವಾಪಸ್ ಕೊಟ್ಟರು. ಖಾಲಿ ಕೈಯಲ್ಲಿ ಕೊಡಲಿಲ್ಲ. ಬರದ ಖರ್ಚು ಅಂತ 80 ಲಕ್ಷ ರೂಪಾಯಿ ಸಾಲವನ್ನೂ ಜೊತೆಗೇ ಹೊರಿಸಿದರು. ಅದನ್ನು ತೀರಿಸಬೇಕಾದವರು ಬದುಕಿ ಉಳಿದವರೇ.