ಇನಾನ್ನಾಳಿಗೆ ಮೊದಲು ಊಟ, ಆಮೇಲೆ ಪಾತಾಳ

ಪ್ರಾಚೀನ ಇರಾಕಿನ ಸುಮೇರಿಯನ್ನರ ದೇವಿ ಇನಾನ್ನಾಳ ಹೆಸರಲ್ಲಿ ಈಗ ಕಾರ್ಯಾಗಾರಗಳು ನಡೆಯುತ್ತವೆ, ಆನ್‌ಲೈನ್ ದೀಕ್ಷೆಗಳೂ ಇವೆ. ಬಹುಪಾಲು ಶುರುವಾಗುವುದು ಒಂದೇ ಜಾಗದಿಂದ: ಆಕೆ ಪಾತಾಳಕ್ಕೆ ಇಳಿದ ಕಥೆ. ಏಳು ಬಾಗಿಲು, ಒಂದೊಂದು ಬಾಗಿಲಲ್ಲೂ ಒಂದೊಂದು ಒಡವೆ ಕಳಚುವುದು, ಕೊನೆಗೆ ಬರಿಮೈಯಲ್ಲಿ ನಿಲ್ಲುವುದು. ಏಳು ಅಂದ ಕೂಡಲೇ ಯಾರಾದರೊಬ್ಬರು ಏಳು ಚಕ್ರ ತಂದು ಜೋಡಿಸಿಬಿಡುತ್ತಾರೆ. ಕತ್ತಲೆ ಕೋಣೆ, ಡೋಲು, ಒಂದಿಷ್ಟು ಕಣ್ಣೀರು, ಭಾನುವಾರ ಸಂಜೆಗೆ ಎಲ್ಲ ಮುಗೀತು.

ನನ್ನ ತಕರಾರು ಇರುವುದು ಇಲ್ಲೇ. ಆಕೆಯನ್ನು ಸಾವಿರಾರು ವರ್ಷ ನಂಬಿದ ಜನ ವರ್ಷವಿಡೀ ಮಾಡುತ್ತಿದ್ದದ್ದು ಊಟ ಬಡಿಸುವ ಕೆಲಸ, ಜೊತೆಗೆ ಆಕಾಶದಲ್ಲಿ ಆಕೆಯ ನಕ್ಷತ್ರ ಎಲ್ಲಿದೆ ಅಂತ ನೋಡುವ ಕೆಲಸ. ಅವೆರಡನ್ನೂ ಬಿಟ್ಟು ನೇರ ಪಾತಾಳಕ್ಕೆ ಹಾರುವುದೆಂದರೆ, ಮನೆಗೆ ಬಂದ ಹಿರಿಯರಿಗೆ ಒಂದು ಲೋಟ ನೀರೂ ಕೊಡದೆ "ನಿಮ್ಮ ಕಷ್ಟದ ಕಥೆ ಹೇಳಿ" ಅಂತ ಎದುರಿಗೆ ಕೂತ ಹಾಗೆ.

ಆಕೆಯ ಊರು ಉರುಕ್, ಈಗಿನ ಇರಾಕಿನ ವರ್ಕಾ. ಗುಡಿಯ ಹೆಸರು ಎ-ಆನ್ನ, 'ಆಕಾಶದ ಮನೆ'. ಅಪ್ಪ 'ನನ್ನಾ' ಅನ್ನುವ ಚಂದ್ರದೇವ, ಸೋದರ ಸೂರ್ಯದೇವ ಉತು, ಆಕೆಯೇ ಶುಕ್ರಗ್ರಹ. ಪ್ರೇಮವೂ ಯುದ್ಧವೂ ಆಕೆಯದೇ. ದೇವಿ ಅಂದ ತಕ್ಷಣ 'ಅಮ್ಮಾ' ಅನ್ನುವುದು ನಮ್ಮ ನಾಲಗೆಯ ಅಭ್ಯಾಸ. ಅಲ್ಲಿ ತಾಯ್ತನದ ದೇವಿ ನಿನ್‌ಹುರ್ಸಾಗ್, ಬೇರೆಯವಳು. ಇನಾನ್ನಾಳನ್ನು ಸ್ತೋತ್ರಗಳು ಕರೆಯುವುದು ಒಡತಿ ಅಂತ, ಯುವತಿ ಅಂತ.

ಮೂರ್ತಿಯ ವಿಚಾರ. ಹೆಚ್ಚಿನವರು ಕೊಳ್ಳುವುದು ರೆಕ್ಕೆ, ಹಕ್ಕಿಕಾಲು, ಅಕ್ಕಪಕ್ಕ ಗೂಬೆಗಳಿರುವ ಮಣ್ಣಿನ ಫಲಕದ ನಕಲನ್ನು. ಮೂಲ ಇರುವುದು ಬ್ರಿಟಿಷ್ ಮ್ಯೂಸಿಯಂನಲ್ಲಿ. ಅದು ಇನಾನ್ನಾಳೋ, ಆಕೆಯ ಅಕ್ಕ, ಪಾತಾಳದ ರಾಣಿ ಎರೆಷ್ಕಿಗಲ್ಲೋ, ಇನ್ಯಾವುದೋ ಶಕ್ತಿಯೋ ಅಂತ ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಅಕ್ಕನ ಪಟ ಇಟ್ಟು ತಂಗಿಯನ್ನು ಕರೆಯುವ ಪೇಚು ಯಾಕೆ? ಆಕೆಯದೇ ಅಂತ ಸಂಶಯವಿಲ್ಲದೆ ಹೇಳಬಹುದಾದ ಗುರುತು ಜೊಂಡಿನ ಕಂಬ. ಅವರು ಮಣ್ಣಿನ ಫಲಕಗಳ ಮೇಲೆ ಒತ್ತಿ ಬರೆಯುತ್ತಿದ್ದ ಬೆಣೆಲಿಪಿಯಲ್ಲಿ ಆಕೆಯ ಹೆಸರು ಬರೆಯುವ ಅಕ್ಷರವೇ ಆ ಕಂಬದ ಚಿತ್ರದಿಂದ ಬಂದದ್ದು. ಉರುಕ್‌ನಲ್ಲಿ ಸಿಕ್ಕ, ಐದು ಸಾವಿರ ವರ್ಷ ಹಳೆಯ, ಸುಮಾರು ಒಂದು ಮೀಟರ್ ಎತ್ತರದ ವರ್ಕಾ ಹೂಜಿಯನ್ನು ನೋಡಿ. ಕೆಳಗೆ ನೀರು, ಅದರ ಮೇಲೆ ಪೈರು, ಅದರ ಮೇಲೆ ಕುರಿಗಳ ಸಾಲು, ಅದರ ಮೇಲೆ ಬುಟ್ಟಿ-ಗಡಿಗೆ ಹೊತ್ತ ಬರಿಮೈ ಗಂಡಸರು. ತುದಿಯಲ್ಲಿ ಬರಮಾಡಿಕೊಳ್ಳುವ ಹೆಂಗಸು, ಆಕೆಯ ಹಿಂದೆ ಈ ಕಂಬಗಳ ಜೋಡಿ. (2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಮ್ಯೂಸಿಯಂ ಲೂಟಿಯಾದಾಗ ಇದನ್ನು ಬುಡದಿಂದ ಮುರಿದು ಒಯ್ದಿದ್ದರು. ಜೂನ್‌ನಲ್ಲಿ ಚೂರುಗಳಾಗಿ ವಾಪಸ್ ಬಂತು.) ನೀರಿಂದ ಹಿಡಿದು ಬುಟ್ಟಿಯವರೆಗೆ ಇಡೀ ಹೂಜಿ ಒಂದು ನೈವೇದ್ಯದ ಮೆರವಣಿಗೆ.

ಕಂಬ ಮಾಡುವುದು ಸುಲಭ. ಕೆರೆಯಂಚಿನ ಜೊಂಡು, ಎರಡು ಅಡಿ ಉದ್ದದ್ದು, ಒಂದು ಕಂಬಕ್ಕೆ ಇಪ್ಪತ್ತೈದು ಕಡ್ಡಿ. ಒಣಗಿದ್ದನ್ನು ಹಾಗೇ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಬೆಳಿಗ್ಗೆ ನೀರಲ್ಲಿ ಮುಳುಗಿಸಿ ಮೇಲೊಂದು ಕಲ್ಲಿಟ್ಟರೆ ಸಂಜೆಗೆ ಹದಕ್ಕೆ ಬರುತ್ತದೆ. ಬುಡದಲ್ಲಿ ಒಂದು ಕಟ್ಟು, ನಡುವೆ ಒಂದು, ಮೇಲಿನ ಮೂರನೇ ಒಂದು ಭಾಗ ಬಿಟ್ಟು ಕುತ್ತಿಗೆಯಲ್ಲಿ ಒಂದು. ಆ ಬಿಟ್ಟ ಭಾಗವನ್ನು ಹಿಂದಕ್ಕೆ ಬಳೆಯ ಹಾಗೆ ಬಗ್ಗಿಸಿ ಕುತ್ತಿಗೆಗೇ ಬಿಗಿಯಿರಿ. ತುದಿ ನಾಲ್ಕು ಬೆರಳಷ್ಟು ಹಿಂದೆ ಇಳಿಬಿದ್ದಿರಲಿ. ಬಿಸಿಲಿಗಿಟ್ಟರೆ ಸೀಳುತ್ತದೆ, ನೆರಳಲ್ಲೇ ಒಣಗಿಸಿ. ಒಣಗುತ್ತಾ ಜೊಂಡು ಸಣ್ಣಗಾಗುವುದರಿಂದ ಮೊದಲ ದಿನ ಬಿಗಿಯಾಗಿದ್ದ ಗಂಟು ವಾರದಲ್ಲಿ ಸಡಿಲವಾಗಿ ಬಳೆ ಬಿಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಇನ್ನೊಮ್ಮೆ ಬಿಗಿಯಲೇಬೇಕು. ಇಂಥವು ಎರಡು ಬೇಕು, ಬಾಗಿಲ ಕಂಬಗಳ ಹಾಗೆ. ನಡುವೆ ತಟ್ಟೆ.

ತಟ್ಟೆಯಲ್ಲಿ ಏನಿರಬೇಕು ಅನ್ನುವುದಕ್ಕೆ ಊಹೆ ಬೇಕಿಲ್ಲ. ಇಸಿನ್ ದೊರೆ ಇದ್ದಿನ್-ದಗನ್ ಕಾಲದ, ಅಂದರೆ ಹೆಚ್ಚುಕಡಿಮೆ ನಾಲ್ಕು ಸಾವಿರ ವರ್ಷ ಹಿಂದಿನ ಸ್ತೋತ್ರವೊಂದು ಪಟ್ಟಿಯನ್ನೇ ಕೊಡುತ್ತದೆ: ತುಪ್ಪ, ಖರ್ಜೂರ, ಚೀಸ್, ಏಳು ಬಗೆಯ ಹಣ್ಣು, ಕಪ್ಪು ಬಿಯರು, ತಿಳಿ ಬಿಯರು, ಎಮ್ಮರ್ ಗೋಧಿಯ ಬಿಯರು. ಈ ಎಮ್ಮರ್ ಅನ್ನುವುದು ಉತ್ತರ ಕರ್ನಾಟಕದಲ್ಲಿ ಜವೆಗೋಧಿ, ಸದಕ ಅಂತೆಲ್ಲ ಕರೆಯುವ ಕಾಳೇ. ಬೆಳಗಾವಿ, ವಿಜಯಪುರ ಕಡೆಯವರಿಗೆ ಸುಲಭವಾಗಿ ಸಿಗುತ್ತದೆ. ಎರಡು ಹಿಡಿ ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿ ಸಣ್ಣ ದಪ್ಪ ರೊಟ್ಟಿ ಬೇಯಿಸಿ. ಇದರ ಜಿಗುಟು ಮಾಮೂಲಿ ಗೋಧಿಯಷ್ಟು ಗಟ್ಟಿಯಲ್ಲ, ಚಪಾತಿಯ ಹಾಗೆ ತೆಳ್ಳಗೆ ಎಳೆಯಲು ಹೋದರೆ ಅಂಚು ಹರಿಯುತ್ತದೆ.

ಸಿಹಿಗೆ ಮೆರ್ಸು. ಸಿರಿಯಾದ ಪ್ರಾಚೀನ ನಗರ 'ಮಾರಿ'ಯ ಅರಮನೆಯ ಲೆಕ್ಕದ ಫಲಕಗಳಲ್ಲಿ ಇದಕ್ಕೆ ಖರ್ಜೂರ, ಪಿಸ್ತಾ ಕೊಟ್ಟ ದಾಖಲೆ ಇದೆ. ವಿಧಾನ ಬರೆದಿಟ್ಟಿಲ್ಲ, ಹಾಗಾಗಿ ಇಲ್ಲಿನ ಅಳತೆ ಇವತ್ತಿನದು: 200 ಗ್ರಾಂ ಮೆತ್ತನೆಯ ಖರ್ಜೂರ, 40 ಗ್ರಾಂ ಪಿಸ್ತಾ, ಎರಡು ಚಮಚ ತುಪ್ಪ. ಬೀಜ ತೆಗೆದು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ನೀರು ಬಸಿದು, ತುಪ್ಪದ ಕೈಯಲ್ಲಿ ಕಿವುಚಿ ಉಂಡೆ ಕಟ್ಟಿ ಪಿಸ್ತಾ ತರಿಯಲ್ಲಿ ಹೊರಳಿಸುವುದು. ಅರ್ಧ ಗಂಟೆ ನೆನೆಸಿದರೆ ಉಂಡೆ ಕುಸಿಯುತ್ತದೆ. ಉತ್ತುತ್ತೆಯಲ್ಲಿ ಮಾಡಲು ಹೋಗಬೇಡಿ, ಕಿವುಚಲು ಬರುವುದಿಲ್ಲ.

ಬಿಯರ್ ಬೇಡ ಅನ್ನುವವರು ಖರ್ಜೂರದ ಪಾನಕ ಇಡಿ, ತೊಂದರೆ ಇಲ್ಲ. ಆದರೆ ಆಕೆಯ ತಟ್ಟೆಯಲ್ಲಿ ಬಿಯರೂ ಇತ್ತು, ಕುರಿಯೂ ಇತ್ತು. ನಮಗೆ ಬೇಡವಾದರೆ ಬಿಡೋಣ, "ಮೂಲದಲ್ಲೇ ಸಾತ್ವಿಕವಾಗಿತ್ತು" ಅಂತ ಕಥೆ ಕಟ್ಟುವುದು ಬೇಡ.

ಅರ್ಧ ಗಂಟೆ ಇಟ್ಟು, ಕೈ ತೊಳೆಯಲು ಒಂದು ಬಟ್ಟಲು ನೀರಿಟ್ಟು, ಆಮೇಲೆ ಮನೆಯವರು ತಿನ್ನಿ. ಪಾಶ್ಚಾತ್ಯ ಉಪಾಸಕರಲ್ಲಿ ನೈವೇದ್ಯವನ್ನು ತೋಟಕ್ಕೋ ಕಸಕ್ಕೋ ಹಾಕುವವರು ಇದ್ದಾರೆ. ಮೆಸೊಪೊಟೇಮಿಯಾದ ಗುಡಿಗಳಲ್ಲಿ ಹಾಗಿರಲಿಲ್ಲ. ದೇವರ ಎದುರು ಇಟ್ಟ ಊಟ ಆಮೇಲೆ ದೊರೆಗೆ, ಅರ್ಚಕರಿಗೆ, ಗುಡಿಯ ಕೆಲಸದವರಿಗೆ ಹೋಗುತ್ತಿತ್ತು, ಯಾರ ಪಾಲು ಎಷ್ಟು ಅನ್ನುವುದಕ್ಕೂ ಲೆಕ್ಕ ಇತ್ತು. ಪ್ರಸಾದ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧೂಪಕ್ಕೆ ಮಲ್ಲಿಗೆ ಊದುಬತ್ತಿ ಬೇಡ. ದೇವದಾರು ಚಕ್ಕೆ ಸಾಕು, ಅದು ಅವರು ಸುಡುತ್ತಿದ್ದ ಲೆಬನಾನಿನ ಸೀಡರ್ ಮರದ ದಾಯಾದಿ. ಕಿಟಕಿ ತೆರೆದಿರಲಿ, ಹೊಗೆ ಜೋರು.

ಕೈ ಮುಗಿಯುವ ಬದಲು ಅವರ ಕಾಲದ ಮೊಹರುಗಳ ಚಿತ್ರಗಳಲ್ಲಿ ಕಾಣುವಂತೆ ಬಲಗೈ ಮಡಿಸಿ, ಅಂಗೈಯನ್ನು ಮುಖದ ಹತ್ತಿರಕ್ಕೆ ಎತ್ತಿ. ಹೇಳಬೇಕಾದ್ದು ಎರಡೇ ಮಾತು: 'ಇನಾನ್ನಾ ಜ಼ಾಮಿ', ಇನಾನ್ನಾಳಿಗೆ ಸ್ತುತಿ. ಅಕ್ಕಾಡಿನ ದೊರೆ ಸಾರ್ಗೋನನ ಮಗಳು, ಉರ್ ನಗರದ ಅರ್ಚಕಿ ಎನ್‌ಹೆದುಆನ್ನಳ ಹೆಸರಲ್ಲಿರುವ ದೊಡ್ಡ ಸ್ತೋತ್ರ ಮುಗಿಯುವುದೂ ಹೀಗೇ. ಪೂರ್ತಿ ಓದಬೇಕೆಂದರೆ ಆಕ್ಸ್‌ಫರ್ಡ್‌ನ ಸುಮೇರಿಯನ್ ಸಾಹಿತ್ಯ ಸಂಗ್ರಹದಲ್ಲಿ ಇಂಗ್ಲಿಷ್ ಅನುವಾದ ಉಚಿತವಾಗಿದೆ. ಗಂಡನ್ನು ಹೆಣ್ಣಾಗಿಸುವುದೂ ಹೆಣ್ಣನ್ನು ಗಂಡಾಗಿಸುವುದೂ ನಿನ್ನದೇ ಅನ್ನುವ ಸಾಲು ಬರುವುದು ಅದೇ ಅರ್ಚಕಿಯ ಹೆಸರಿನ ಇನ್ನೊಂದು ಸ್ತೋತ್ರದಲ್ಲಿ. ಸವದತ್ತಿಯ ಜೋಗಪ್ಪಂದಿರು ನೆನಪಾಗುತ್ತಾರೆ, ಸಹಜ. ಆದರೆ ನೆನಪಾಯಿತು ಅಂತ ಇತಿಹಾಸದ ನಂಟು ಹೊಸೆಯಬೇಡಿ.

ಇನ್ನು ಆಕಾಶ. ಉರುಕ್‌ನ ಅತಿ ಹಳೆಯ ಬರಹಗಳಲ್ಲೇ ಬೆಳಗಿನ ಇನಾನ್ನಾ, ಸಂಜೆಯ ಇನಾನ್ನಾ ಅಂತ ಬೇರೆ ಬೇರೆ ಕಾಣಿಕೆಗಳ ಲೆಕ್ಕ ಇದೆ. ಶುಕ್ರ ಸಂಜೆ ಕಾಣುವ ತಿಂಗಳುಗಳಲ್ಲಿ ತಟ್ಟೆ ಸಂಜೆಗೆ, ಬೆಳಿಗ್ಗೆ ಕಾಣುವಾಗ ಬೆಳಿಗ್ಗೆಗೆ. ಕಾಣದಿರುವಾಗ? ಇಲ್ಲಿ ಕನ್ನಡದವರಿಗೊಂದು ಅನುಕೂಲ. ನಮ್ಮ ಪಂಚಾಂಗ ಮದುವೆ ಮುಹೂರ್ತ ಬಿಡುವುದಕ್ಕೆಂದು 'ಶುಕ್ರ ಮೌಢ್ಯ' ಗುರುತಿಸುತ್ತದಲ್ಲ, ಅದೇ ಆಕೆ ಸೂರ್ಯನ ಬೆಳಕಲ್ಲಿ ಮರೆಯಾಗುವ ಹೊತ್ತು. ಸೂರ್ಯನ ಆಚೆ ಹೋದಾಗ ಸುಮಾರು ಎರಡು ತಿಂಗಳು, ಈಚೆ ಹಾದಾಗ ಎಂಟು-ಹತ್ತು ದಿನ. ಸುಮಾರು 584 ದಿನಕ್ಕೊಮ್ಮೆ ಈ ಸುತ್ತು, ಐದು ಸುತ್ತಿಗೆ ಎರಡೇ ದಿನ ಕಮ್ಮಿ ಎಂಟು ವರ್ಷ. 2018ರ ಅಕ್ಟೋಬರ್ 26ರಂದು ಆಕೆ ನಮಗೂ ಸೂರ್ಯನಿಗೂ ನಡುವೆ ಹಾದಿದ್ದಳು, ಇದೇ ಜಾಗದ ಮುಂದಿನ ಹಾಯುವಿಕೆ 2026ರ ಅಕ್ಟೋಬರ್ 24. ಚಿತ್ರಗಳಲ್ಲಿ ಆಕೆಯ ಗುರುತಾಗಿ ಬರುವ ನಕ್ಷತ್ರದ ಎಂಟು ಮೂಲೆಗೂ ಈ ಎಂಟು ವರ್ಷಕ್ಕೂ ಗಂಟು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಫಲಕಗಳು ಹಾಗೆ ಹೇಳುವುದಿಲ್ಲ. ಪಾತಾಳದ ಕವಿತೆಯೂ ಮೌಢ್ಯದ ಮಾತೆತ್ತುವುದಿಲ್ಲ, ಅದು ಓದಿದವರ ವ್ಯಾಖ್ಯಾನ. ಆ ಸಣ್ಣ ಮೌಢ್ಯದಲ್ಲಿ ತಟ್ಟೆಯನ್ನು ಖಾಲಿ ಬಿಡುವುದು ಒಳ್ಳೆಯ ರೂಢಿ ಅಂತ ನನಗನ್ನಿಸುತ್ತದೆ, ಅದನ್ನು ಶಾಸ್ತ್ರ ಅಂತ ಮಾತ್ರ ಹೇಳಬೇಡಿ.

ಒಂದೆರಡು ವರ್ಷ ಇಷ್ಟು ಮಾಡಿದ ಮೇಲೂ ಪಾತಾಳಕ್ಕೆ ಇಳಿಯಬೇಕೆಂದರೆ, ನಾನೂರು ಚಿಲ್ಲರೆ ಸಾಲಿನ ಆ ಕವಿತೆಯನ್ನು ಮೊದಲು ಪೂರ್ತಿ ಓದಿ. ಇನಾನ್ನಾ ಹೊರಡುವ ಮೊದಲು ಮಾಡುವ ಕೆಲಸ ಏನು? ಸಖಿ ನಿನ್‌ಶುಬುರ್‌ಳನ್ನು ಕರೆದು, ನಾನು ಬರದಿದ್ದರೆ ಡೋಲು ಬಡಿದು ಗೋಳಾಡು, ನಿಪ್ಪೂರಿಗೆ ಹೋಗಿ ಎನ್‌ಲಿಲ್ ದೇವರನ್ನು ಕೇಳು, ಅವನು ಒಪ್ಪದಿದ್ದರೆ ಉರ್‌ನಲ್ಲಿ ಅಪ್ಪ ಚಂದ್ರದೇವನನ್ನು, ಅವನೂ ಒಪ್ಪದಿದ್ದರೆ ಎರಿದುವಿನಲ್ಲಿ ಎಂಕಿ ದೇವರನ್ನು ಅಂತ ಹೇಳಿಟ್ಟು ಹೋಗುತ್ತಾಳೆ. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ನಿನ್‌ಶುಬುರ್ ಹೊರಡುತ್ತಾಳೆ, ಮೊದಲ ಇಬ್ಬರೂ ಕೈ ಆಡಿಸಿಬಿಡುತ್ತಾರೆ. ಕಾರ್ಯಾಗಾರಗಳು ಇಷ್ಟನ್ನೂ ನುಂಗಿಬಿಡುತ್ತವೆ. ಬಾಗಿಲ ಹೊರಗೆ ಎಚ್ಚರವಾಗಿ ಕೂರುವ ಒಬ್ಬರು, ವಾಪಸ್ ಬರುವ ಹೊತ್ತು, ಬರದಿದ್ದರೆ ಯಾವ ಮೂವರಿಗೆ ಫೋನ್ ಮಾಡಬೇಕು, ತಕ್ಷಣ ಕೊಡಲು ನೀರು, ತಿನ್ನಲು ಏನಾದರೂ. ಇಷ್ಟಿಲ್ಲದೆ ಇಳಿಯಬಾರದು. ಖಿನ್ನತೆಗೆ ಚಿಕಿತ್ಸೆ ನಡೆಯುತ್ತಿರುವವರು ಇಳಿಯಲೇಬಾರದು.

ಆಕೆಯನ್ನು ಬಿಡಿಸಿದ್ದು ಕತ್ತಿಯಲ್ಲ. ಎಂಕಿ ಉಗುರಿನ ಕೊಳೆಯಿಂದ ಇಬ್ಬರನ್ನು ಮಾಡಿ ಕಳಿಸುತ್ತಾನೆ. ನೋವಿನಲ್ಲಿ ಮಲಗಿದ ಎರೆಷ್ಕಿಗಲ್ "ಅಯ್ಯೋ ನನ್ನ ಎದೆ" ಅಂದರೆ ಅವರೂ "ಅಯ್ಯೋ ನಿನ್ನ ಎದೆ" ಅನ್ನುತ್ತಾರೆ, "ಅಯ್ಯೋ ನನ್ನ ಯಕೃತ್ತು" ಅಂದರೆ ಅದನ್ನೂ ಹಾಗೇ. ಸಲಹೆ ಇಲ್ಲ, ಸಮಾಧಾನವೂ ಇಲ್ಲ. ಅವಳು ಮೆಚ್ಚಿ ಹೊಳೆ ಕೊಡುತ್ತೇನೆ, ಹೊಲ ಕೊಡುತ್ತೇನೆ ಅಂದರೂ ಬೇಡ ಅಂದು, ಗೂಟಕ್ಕೆ ನೇತುಹಾಕಿದ್ದ ಇನಾನ್ನಾಳ ಹೆಣ ಕೇಳುತ್ತಾರೆ. ಹೊರಗೆ ಕೂರುವವರಿಗೆ ಕಲಿಸಬೇಕಾದ ಪಾಠ ಇದು. ಆಮೇಲೆ ಆಕೆ ಮೇಲೆ ಬರಬೇಕಾದರೆ ಬದಲಿಗೆ ಒಬ್ಬರನ್ನು ಪಾತಾಳಕ್ಕೆ ಕೊಡಲೇಬೇಕು ಅನ್ನುವ ಕರಾರು, ಆಕೆ ಕೊಟ್ಟದ್ದು ಸಿಂಹಾಸನದ ಮೇಲೆ ಭರ್ಜರಿ ಬಟ್ಟೆಯಲ್ಲಿ ಹಾಯಾಗಿ ಕೂತಿದ್ದ ಗಂಡ ದುಮುಜಿಯನ್ನು, ಕೆಳಗೆ ಅರ್ಧ ವರ್ಷ ಅವನು, ಅರ್ಧ ವರ್ಷ ಅವನ ತಂಗಿ. ಕೊನೆಯ ಫಲಕಗಳು ಸಿಗುವ ಮೊದಲು ಆಕೆ ಗಂಡನನ್ನು ಬಿಡಿಸಲು ಇಳಿದಳು ಅಂತಲೇ ವಿದ್ವಾಂಸರು ನಂಬಿದ್ದರು. ಈಗಲೂ ಹಾಗೇ ಬರೆಯುವವರಿದ್ದಾರೆ.

ಕವಿತೆಯ ಕೊನೆಯ ಸ್ತುತಿ ಇನಾನ್ನಾಳಿಗಲ್ಲ, ಎರೆಷ್ಕಿಗಲ್‌ಗೆ. ಆದ್ದರಿಂದ ಮೇಲೆ ಬಂದ ಮೇಲೆ ಅವಳ ಹೆಸರಲ್ಲಿ ಒಂದು ಬಟ್ಟಲು ತಣ್ಣೀರು ನೆಲಕ್ಕೆ ಎರೆಯಿರಿ, ಕೆಳಲೋಕದವರಿಗೆ ಅವರು ಎರೆಯುತ್ತಿದ್ದದ್ದು ತಣ್ಣೀರೇ. ಬಾಲ್ಕನಿಯ ಕುಂಡಕ್ಕೆ ಎರೆದರೂ ಆದೀತು. ಉಳಿದ ಖರ್ಜೂರದ ಪಾನಕವನ್ನು ಮಾತ್ರ ಅಲ್ಲಿಗೆ ಸುರಿಯಬೇಡಿ, ಬೆಳಗಾಗುವಷ್ಟರಲ್ಲಿ ಇರುವೆ.