ಎಂಟುನೂರು ರೂಪಾಯಿಗೂ ಟ್ಯಾಕ್ಸ್ ಇದೆಯಾ?

"ಸಾರ್, ತಮ್ಮನಿಗೆ ಅಂಗವಿಕಲರ ಪೆನ್ಷನ್ ಬರುತ್ತೆ. ಅದಕ್ಕೂ ಟ್ಯಾಕ್ಸ್ ಇದೆಯಾ?" ಆದಾಯ ತೆರಿಗೆ ರಿಟರ್ನ್ ಹಾಕುವ ಕಾಲ ಬಂತೆಂದರೆ ನಮ್ಮ ಚಿಕ್ಕಮಗಳೂರಿನಲ್ಲಿ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಲೆಕ್ಕ ಬರೆಯುವುದೇ ನನ್ನ ಕಸುಬು. ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ಶೇ. 40ರಿಂದ 75ರೊಳಗಿನ ವೈಕಲ್ಯಕ್ಕೆ ರಾಜ್ಯ ಸರ್ಕಾರ ಕೊಡುವುದು ತಿಂಗಳಿಗೆ 800 ರೂಪಾಯಿ. 75 ದಾಟಿದರೆ 1,400. ಅಂದರೆ ವರ್ಷಕ್ಕೆ 9,600, ಇಲ್ಲವೇ 16,800. ಬೇರೆ ಆದಾಯ ಇಲ್ಲದವರಿಗೆ ಇದರ ಮೇಲೆ ತೆರಿಗೆ ಬೀಳುವ ಮಾತೇ ಇಲ್ಲ. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಯಂತೂ ಶೇ. 80 ದಾಟಿದ ಬಿಪಿಎಲ್ ಕುಟುಂಬದವರಿಗೆ ಮಾತ್ರ. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅಷ್ಟೇ.

ಆದರೂ ಜನ ಕೇಳುವುದಕ್ಕೆ ಕಾರಣ ಇದೆ. ರಿಟರ್ನ್‌ನಲ್ಲಿ ಹೆಸರು ಬಂದರೆ ರೇಷನ್ ಕಾರ್ಡ್ ಹೋಗುತ್ತೆ, ಕಾರ್ಡ್ ಹೋದರೆ ಪೆನ್ಷನ್ನೂ ಹೋಗುತ್ತೆ ಅನ್ನುವ ಭಯ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗಲಾಟೆ ಆಯಿತಲ್ಲ, ಆಮೇಲೆ ಇದು ಇನ್ನೂ ಜಾಸ್ತಿಯಾಗಿದೆ. ಈ ಭಯ ದಡ್ಡತನ ಅಂತ ನನಗೆ ಅನಿಸುವುದಿಲ್ಲ. ನಮ್ಮ ನಿಯಮಗಳೇ ಹಾಗಿವೆ.

ನೋಡಿ, ಬಿಪಿಎಲ್ ಕಾರ್ಡಿಗೆ ಆದಾಯದ ಮಿತಿ ವರ್ಷಕ್ಕೆ 1.20 ಲಕ್ಷ. ಅಂಗವಿಕಲರ ಪೆನ್ಷನ್‌ಗೆ 32,000. ಅಕ್ಕಿ ಕೊಡುವಾಗ ಬಡವನಾಗಿದ್ದವನು ಪೆನ್ಷನ್ ಕೇಳುವಾಗ ಸ್ಥಿತಿವಂತ! 32,000ವನ್ನು ದಿನಕ್ಕೆ ಹಂಚಿದರೆ 88 ರೂಪಾಯಿ ಕೂಡ ಆಗುವುದಿಲ್ಲ. ಮೂಡಿಗೆರೆ ಕಡೆಯ ತೋಟದ ಲೈನ್‌ಮನೆಯಲ್ಲಿ ಗಂಡ ಹೆಂಡತಿ ಕೂಲಿಗೆ ಹೋಗುತ್ತಿದ್ದರೆ, ಕಾಫಿ ಕುಯ್ಲಿನ ಒಂದು ಹಂಗಾಮಿನ ಕೂಲಿಯೇ ಈ ಮಿತಿ ದಾಟುತ್ತದೆ. ಹಾಗಾದರೆ ಆ ಮನೆಯ ಮಗನಿಗೆ ಪೆನ್ಷನ್ ಹೇಗೆ ಸಿಗಬೇಕು? ಆದಾಯ ಪ್ರಮಾಣಪತ್ರದಲ್ಲಿ ಕಡಿಮೆ ಬರೆಸಿದರೆ ಸಿಗುತ್ತದೆ. ಬರೆಸುವವರಿಗೂ ಗೊತ್ತು, ಬರೆಯುವವರಿಗೂ ಗೊತ್ತು. ಕಷ್ಟದಲ್ಲಿರುವ ಮನೆಯ ಕೈಯಲ್ಲಿ ಸುಳ್ಳು ಹೇಳಿಸಿ ಆಮೇಲೆ 800 ಕೊಡುವ ಈ ಏರ್ಪಾಡು ನನಗೆ ಸಿಟ್ಟು ತರಿಸುತ್ತದೆ. ನಿಜ ಹೇಳಿದವರ ಅರ್ಜಿ ವಾಪಸ್ ಬರುತ್ತದೆ, ಅದಕ್ಕಿಂತ ಅನ್ಯಾಯ ಏನಿದೆ?

ಇನ್ನು ಪಡೆಯುವ ದಾರಿ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಆಸ್ಪತ್ರೆ ಆರಿಸಬೇಕು. ವೈದ್ಯರು ನೋಡಿ ಶೇಕಡಾ ಎಷ್ಟು ಅಂತ ಬರೆಯುತ್ತಾರೆ. 40 ಆಗದಿದ್ದರೆ ಪೆನ್ಷನ್ನೂ ಇಲ್ಲ, ತೆರಿಗೆ ರಿಯಾಯಿತಿಯೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕಣ್ಣು, ಕಿವಿ, ಕೈಕಾಲು ಮಾತ್ರ ಅಂದುಕೊಂಡು ಸುಮ್ಮನಿರಬೇಡಿ. ಪಾರ್ಕಿನ್ಸನ್ಸ್, ತಲಸ್ಸೇಮಿಯಾ, ಆಸಿಡ್ ದಾಳಿಗೆ ಒಳಗಾದವರು, ಮಾನಸಿಕ ಕಾಯಿಲೆಯವರು ಎಲ್ಲ ಅದರಲ್ಲಿದ್ದಾರೆ. ಶೃಂಗೇರಿ, ಕೊಪ್ಪದ ಕಡೆಯಿಂದ ಮಳೆಗಾಲದಲ್ಲಿ ಹಾಸಿಗೆ ಹಿಡಿದವರನ್ನು ಜಿಲ್ಲಾ ಆಸ್ಪತ್ರೆಗೆ ಕರೆತರುವುದು ಎಷ್ಟು ಕಷ್ಟ ಅಂತ ಈ ಭಾಗದವರಿಗೆ ಹೇಳಬೇಕಿಲ್ಲ. ತಾಲೂಕಿನಲ್ಲಿ ಶಿಬಿರ ಇದೆಯಾ ಅಂತ ಮೊದಲೇ ವಿಚಾರಿಸಿ. ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಅಂತ ಒಬ್ಬರು ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರನ್ನು ಹಿಡಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಅವರೂ ಸಣ್ಣ ಗೌರವಧನಕ್ಕೆ ದುಡಿಯುವವರೇ, ಸ್ವಲ್ಪ ವಿಶ್ವಾಸದಿಂದ ಮಾತಾಡಿಸಿ.

ಕಾರ್ಡ್ ಕೈಗೆ ಬಂದಮೇಲೆ ನಾಡಕಚೇರಿಯಲ್ಲಿ ಅರ್ಜಿ. ಗ್ರಾಮ ಆಡಳಿತ ಅಧಿಕಾರಿ ಬಂದು ನೋಡುತ್ತಾರೆ, ತಹಶೀಲ್ದಾರರ ಆದೇಶ ಆಗುತ್ತದೆ, ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಆದೇಶ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪೆನ್ಷನ್ ಇದ್ದಕ್ಕಿದ್ದಂತೆ ನಿಂತರೆ ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಸರಿ ಇದೆಯಾ ನೋಡಿ.

ಈಗ ಟ್ಯಾಕ್ಸ್ ನಿಜವಾಗಿಯೂ ತಟ್ಟುವವರ ವಿಷಯ. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಎಲ್ಲರ ಬಾಯಲ್ಲಿರುವ ಹಳೆಯ ನಂಬರ್‌ನಲ್ಲೇ ಹೇಳುತ್ತೇನೆ. ನಿಮಗೇ ವೈಕಲ್ಯ ಇದ್ದರೆ 80ಯು. ನಿಮ್ಮನ್ನು ನಂಬಿಕೊಂಡವರಿಗೆ ಇದ್ದರೆ 80ಡಿಡಿ. ಎರಡರಲ್ಲೂ ಆದಾಯದಿಂದ 75,000 ಕಳೆಯಬಹುದು, ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಖರ್ಚು ಎಷ್ಟೇ ಆಗಿರಲಿ, ಕಳೆಯುವ ಮೊತ್ತ ಅಷ್ಟೇ. 80ಡಿಡಿ ಹೆಂಡತಿ ಮಕ್ಕಳಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರೇ ಆಗಲಿ, ನಿಮ್ಮ ಆಸರೆಯಲ್ಲಿದ್ದರೆ ಸಾಕು. ಆದರೆ ಅವರೇ 80ಯು ಕೇಳಿರಬಾರದು. ಆಟಿಸಂ, ಸೆರೆಬ್ರಲ್ ಪಾಲ್ಸಿ ಇದ್ದರೆ ಹಳೆಯ ನಂಬರ್‌ನ ಫಾರ್ಮ್ 10-ಐಎ, ಅಂದರೆ ವೈದ್ಯರ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಅವಧಿ ಮುಗಿದರೆ ಆ ಆರ್ಥಿಕ ವರ್ಷದವರೆಗೆ ಮಾತ್ರ ನಡೆಯುತ್ತದೆ, ಮುಂದಿನ ವರ್ಷಕ್ಕೆ ಹೊಸದು ಬೇಕು.

ತೊಂದರೆ ಏನೆಂದರೆ ಇವೆರಡೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯ ಆಗುತ್ತದೆ. ನೀವು ಬಾಯಿ ಬಿಟ್ಟು ಹಳೆಯದು ಬೇಕು ಅನ್ನದಿದ್ದರೆ ಈ ರಿಯಾಯಿತಿ ಇಲ್ಲ. ಹೊಸದರಲ್ಲಿ 12 ಲಕ್ಷದವರೆಗೆ ಹೇಗೂ ತೆರಿಗೆ ಇಲ್ಲ, ಅಲ್ಲಿಯವರೆಗೆ ಚಿಂತೆ ಬೇಡ. ಅದನ್ನು ದಾಟಿದವರು ಎರಡೂ ಕಡೆ ಲೆಕ್ಕ ಹಾಕಿ ನೋಡಿ. ದಾಟಿದವರೆಲ್ಲ ಶ್ರೀಮಂತರಲ್ಲ. ಮಗುವಿಗೆ ವಾರವಾರ ಫಿಸಿಯೋಥೆರಪಿ, ನೋಡಿಕೊಳ್ಳಲು ಒಬ್ಬರು ಆಳು, ಬೆಂಗಳೂರಿನ ಓಡಾಟ ಅಂತ ಸಂಬಳದ ದೊಡ್ಡ ಪಾಲು ಕರಗಿಹೋಗುವ ಮನೆಗಳು ನನಗೆ ಗೊತ್ತು. ಆ ಖರ್ಚು ಹೊಸ ಪದ್ಧತಿಯ ಕಣ್ಣಿಗೇ ಬೀಳುವುದಿಲ್ಲ. ವಿಕಲಚೇತನ ನೌಕರರ ಓಡಾಟದ ಭತ್ಯೆಗೆ ಮಾತ್ರ ಒಂದು ಮಿತಿಯವರೆಗೆ ಅಲ್ಲೂ ವಿನಾಯಿತಿ ಉಳಿದಿದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತಮಾಷೆ ಇದೆ. ತಾನೇ ಬೆಳೆದ ಕಾಫಿಯನ್ನು ಹಾಗೆಯೇ ಮಾರುವ ಬೆಳೆಗಾರರಿಗೆ ಎಷ್ಟೇ ಲಕ್ಷ ಬಂದರೂ ಅದು ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ. ಲೈನ್‌ಮನೆಯವರಿಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ. 80ಡಿಡಿ ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ. ಆದರೆ ಒಬ್ಬರಿಗೆ ಅದರ ಅಗತ್ಯ ಇಲ್ಲ, ಇನ್ನೊಬ್ಬರಿಗೆ 800 ರೂಪಾಯಿಯೇ ಗತಿ.

ಸೈನಿಕರ ಮನೆಯವರಿಗೆ ಒಂದು ಮಾತು. ಸೇವೆಯಿಂದ ಆದ ವೈಕಲ್ಯದ ಕಾರಣಕ್ಕೇ ಸೇನೆಯಿಂದ ಹೊರಬಂದವರ ಅಂಗವೈಕಲ್ಯ ಪೆನ್ಷನ್‌ಗೆ ತೆರಿಗೆ ಇಲ್ಲ. ಅವಧಿ ಮುಗಿಸಿ ನಿವೃತ್ತರಾದವರಿಗೆ ಇದು ಸಿಗುವುದಿಲ್ಲ ಅಂತ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) 2019ರಲ್ಲಿ ಸುತ್ತೋಲೆ ಹೊರಡಿಸಿತು. ಪೆನ್ಷನ್ ಆದೇಶದಲ್ಲಿ ಏನು ಬರೆದಿದೆ ಅಂತ ನೋಡದೆ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ ಸೇರಿಸಿ.

ನಾವು ಕೆಲವರು ಸೇರಿ ಪೆನ್ಷನ್‌ನ ಆದಾಯ ಮಿತಿಯನ್ನು ಕನಿಷ್ಠ 1.20 ಲಕ್ಷಕ್ಕೆ ಏರಿಸಿ ಅಂತ ಜಿಲ್ಲೆಯ ಶಾಸಕರಿಗೆ ಮನವಿ ಬರೆಯುತ್ತಿದ್ದೇವೆ. ಆದಾಯದ ಕಾರಣಕ್ಕೆ ಅರ್ಜಿ ತಿರಸ್ಕಾರ ಆದವರು ಇದ್ದರೆ ಆ ಹಿಂಬರಹದ ಫೋಟೊ ಇನ್‌ಬಾಕ್ಸ್‌ಗೆ ಕಳಿಸಿ. ಹೆಸರು, ಆಧಾರ್ ನಂಬರ್ ಮುಚ್ಚಿ ಕಳಿಸಿದರೆ ಸಾಕು.