ಉಬ್ಬಸ ಇದ್ದವರಿಗೆ ಕರಾಟೆ ಬೆಲ್ಟ್ ಟೆಸ್ಟ್ ಬದಲಾಗಬೇಕೇ?

ಪರ: ಬೆಲ್ಟ್ ಅದೇ ಇರಲಿ, ಉಸಿರಾಡಲು ಎರಡು ನಿಮಿಷ ಕೊಡಿ

ಬೆಲ್ಟ್ ಟೆಸ್ಟ್, ಅಂದರೆ ಮುಂದಿನ ದರ್ಜೆಯ ಬೆಲ್ಟಿಗೆ ಕೊಡುವ ಪರೀಕ್ಷೆಯಲ್ಲಿ, ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ. ಮೊದಲು ಕಿಹೊನ್, ಅಂದರೆ ಹೊಡೆತ, ಒದೆತ, ತಡೆಗಳ ಮೂಲಪಾಠ. ಆಮೇಲೆ ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ. ಕೊನೆಗೆ ಕುಮಿಟೆ, ಎದುರಾಳಿಯ ಜೊತೆ ಆಡುವುದು. ನಾನು ಕೇಳುತ್ತಿರುವುದು ಈ ಕೊನೆಯ ಭಾಗದಲ್ಲಿ ಒಂದು ಬದಲಾವಣೆ. ಉಬ್ಬಸ ಇರುವವರಿಗೆ ಸುತ್ತುಗಳ ನಡುವೆ ಬಿಡುವು ಕೊಡಿ. ಸುತ್ತು ಕಡಿಮೆ ಮಾಡಬೇಡಿ. ಸುಲಭದ ಎದುರಾಳಿಯನ್ನು ಹಾಕಬೇಡಿ. ಸುಮ್ನೆ ಅಂಕ ಕೊಡಬೇಡಿ. ಬಿಡುವು ಕೊಡಿ, ಇನ್ಹೇಲರ್ ಕೈಗೆ ಸಿಗುವಂತೆ ಅಂಗಳದ ಪಕ್ಕದಲ್ಲೇ ಇಟ್ಟುಕೊಳ್ಳಲು ಬಿಡಿ.

ಉಬ್ಬಸ ಇದ್ದವರಿಗೆ ಮೈಯಲ್ಲಿ ಶಕ್ತಿ ಇಲ್ಲ ಅಂತಲ್ಲ. ಜೋರಾಗಿ ಏದುಸಿರು ಬಿಡುವಾಗ ಮೂಗಿನ ಬದಲು ಬಾಯಿಂದ ಗಾಳಿ ಹೋಗುತ್ತದೆ. ಆ ಒಣ ಗಾಳಿಗೆ ಉಸಿರುನಾಳದ ಒಳಪದರ ಒಣಗುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ದಾರಿ ಕಿರಿದಾಗುತ್ತದೆ. ಗಾಳಿ ತಣ್ಣಗಿದ್ದರೆ, ಧೂಳಿದ್ದರೆ ಇನ್ನೂ ಜಾಸ್ತಿ. ಅದಕ್ಕೇ ದೂರದ ಓಟದಂತೆ ನಿಲ್ಲದೆ ಆಡುವ ಆಟಗಳು ನಮಗೆ ಕಷ್ಟ. ಸ್ವಲ್ಪ ಹೊತ್ತು ಜೋರಾಗಿ ಆಡಿ, ನಿಂತು, ಮತ್ತೆ ಆಡುವ ಆಟಗಳು ಅಷ್ಟು ಕಷ್ಟವಲ್ಲ. ಕರಾಟೆ ಈ ಎರಡನೆಯ ಬಗೆಯದು. ಹಿರಿಯರ ಅಂತರರಾಷ್ಟ್ರೀಯ ಕುಮಿಟೆ ಪಂದ್ಯಕ್ಕೇ 3 ನಿಮಿಷ. ನಡುವೆ ರೆಫರಿ ಎಷ್ಟೋ ಸಲ ನಿಲ್ಲಿಸುತ್ತಾರೆ. ಆದರೆ ಟೆಸ್ಟ್ ಬಂದರೆ ಒಬ್ಬರಾದ ಮೇಲೆ ಒಬ್ಬರನ್ನು ಎದುರಿಗೆ ನಿಲ್ಲಿಸಿ ಬಿಡದೆ ಆಡಿಸುವ ಕ್ಲಾಸುಗಳಿವೆ. ಅಂಥ ಟೆಸ್ಟಿನಲ್ಲಿ ನಮ್ಮ ಕರಾಟೆಗಿಂತ ನಮ್ಮ ಶ್ವಾಸಕೋಶಕ್ಕೇ ಪರೀಕ್ಷೆ ಆಗುತ್ತದೆ.

ನನ್ನ ಅನುಭವ ಹೇಳುತ್ತೇನೆ. ನನಗೆ ಚಿಕ್ಕಂದಿನಿಂದ ಉಬ್ಬಸ. ಮಗನನ್ನು ಕರಾಟೆಗೆ ಸೇರಿಸಲು ಹೋದವಳು ನಾನೂ ಸೇರಿಕೊಂಡೆ. ಕಂದು ಬೆಲ್ಟಿನ ಟೆಸ್ಟ್ ಡಿಸೆಂಬರಿನಲ್ಲಿ ಬಂತು. ಬೆಳಗಿನ ಹೊತ್ತು, ಶಾಲೆಯೊಂದರ ಮೈದಾನ, ಬೇಲಿಯುದ್ದಕ್ಕೂ ಕಾಂಗ್ರೆಸ್ ಗಿಡ ಹೂ ಬಿಟ್ಟಿತ್ತು. ಕಿಹೊನ್ ಆಯಿತು, ಕಟಾ ಚೆನ್ನಾಗಿ ಬಂತು. ಕುಮಿಟೆಯಲ್ಲಿ ಮೂರನೆಯ ಎದುರಾಳಿ ಬಂದಾಗ ಎದೆಯಲ್ಲಿ ಸುಯ್ ಅನ್ನುವ ಸದ್ದು ಶುರುವಾಯಿತು. ಎರಡು ನಿಮಿಷ ಬೇಕು ಅಂತ ಕೇಳಿದೆ. ಪರೀಕ್ಷೆ ಮಾಡುತ್ತಿದ್ದವರು, "ಮಕ್ಕಳೇ ಆಡ್ತಿದ್ದಾರೆ ಮೇಡಂ. ಆಗಲ್ಲ ಅಂದ್ರೆ ಬಿಟ್ಟುಬಿಡಿ" ಅಂದರು.

ಇನ್ಹೇಲರ್ ಇದ್ದದ್ದು ಬ್ಯಾಗಿನಲ್ಲಿ. ಬ್ಯಾಗುಗಳನ್ನೆಲ್ಲ ಮೈದಾನದ ಆ ತುದಿಯ ಕೋಣೆಯಲ್ಲಿ ಇಡಿಸಿದ್ದರು. ನಾನು ಮಂಡಿಯ ಮೇಲೆ ಕೈ ಊರಿ ನಿಂತಿದ್ದೆ. ಹಸಿರು ಬೆಲ್ಟಿನ ಒಬ್ಬ ಹುಡುಗಿ ಯಾರೂ ಹೇಳದೆ ಓಡಿಹೋಗಿ ಇನ್ಹೇಲರ್ ತಂದಳು. ಕೈಗೆ ಕೊಡುವ ಮೊದಲು ಮುಚ್ಚಳ ತೆಗೆದು ಅಲ್ಲಾಡಿಸಿದ್ದಳು. ಅದನ್ನು ಅಲ್ಲಾಡಿಸಬೇಕು ಅಂತ ಅವಳಿಗೆ ಹೇಗೆ ಗೊತ್ತು? ಆಮೇಲೆ ಕೇಳಿದೆ. "ನಂಗೂ ಇದೆ ಆಂಟಿ. ಮಾಸ್ಟರ್‌ಗೆ ಹೇಳ್ಬೇಡಿ" ಅಂದಳು. ಬರುವ ಮೊದಲು ಮನೆಯಲ್ಲೇ ತೆಗೆದುಕೊಂಡು ಬರುತ್ತಿದ್ದಳಂತೆ. ಕ್ಲಾಸಿಗೆ ತಂದರೆ ಟೆಸ್ಟಿಗೆ ಕೂರಿಸುವುದಿಲ್ಲ ಅನ್ನುವ ಭಯ.

ಈ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಆ ಹುಡುಗಿ. ನಿಯಮ ಬಿಗಿ ಮಾಡಿದರೆ ಮಕ್ಕಳ ಉಬ್ಬಸ ಹೋಗುವುದಿಲ್ಲ. ಅವರು ಅದನ್ನು ಮುಚ್ಚಿಡುತ್ತಾರೆ. ಒಂದು ದಿನ ಕ್ಲಾಸಿನ ನಡುವೆ ಉಸಿರು ಕಟ್ಟಿದಾಗ ಔಷಧ ಮನೆಯಲ್ಲಿರುತ್ತದೆ.

ನಾನು ಆ ಕ್ಲಾಸ್ ಬಿಟ್ಟು ಇನ್ನೊಂದಕ್ಕೆ ಸೇರಿದೆ. ಅಲ್ಲಿನ ಮಾಸ್ಟರ್ ಮೊದಲ ದಿನವೇ ಡಾಕ್ಟರ್ ಏನು ಹೇಳಿದ್ದಾರೆ ಅಂತ ಕೇಳಿದರು. ಡಾಕ್ಟರ್ ಹೇಳಿದಂತೆ ಕ್ಲಾಸಿಗೆ 15 ನಿಮಿಷ ಮೊದಲು ಎರಡು ಪಫ್ ತೆಗೆದುಕೊಳ್ಳುತ್ತೇನೆ. ದಿನವೂ ತೆಗೆದುಕೊಳ್ಳುವ ಇನ್ಹೇಲರ್ ಬೇರೆ, ಅದನ್ನಂತೂ ಬಿಡುವಂತಿಲ್ಲ. ವಾರ್ಮ್ ಅಪ್ ಎಲ್ಲರಿಗಿಂತ ಬೇಗ ಶುರು ಮಾಡುತ್ತೇನೆ. ನಿಧಾನವಾಗಿ, ನಡುನಡುವೆ ಸ್ವಲ್ಪ ಜೋರಾಗಿ. ಹಾಗೆ ಮೈ ಬಿಸಿ ಮಾಡಿಕೊಂಡರೆ ನಮ್ಮಲ್ಲಿ ಎಷ್ಟೋ ಜನರಿಗೆ ಆಮೇಲೆ ಸ್ವಲ್ಪ ಹೊತ್ತು ಉಸಿರುನಾಳ ಅಷ್ಟು ಬೇಗ ಬಿಗಿಯುವುದಿಲ್ಲ. ಚಾಪೆ ಕೊಡವುವ ಹೊತ್ತಿಗೆ ನನ್ನನ್ನು ಹೊರಗೆ ಕಳಿಸುತ್ತಾರೆ. ಶೀತ, ಕೆಮ್ಮು ಇದ್ದ ದಿನ ಕುಮಿಟೆ ಇಲ್ಲ, ಕಟಾ ಮಾತ್ರ. ಕಾಂಕು ದಾಯ್ ಕಟಾದಲ್ಲಿ 65 ಚಲನೆಗಳಿವೆ. ಪ್ರತಿಯೊಂದಕ್ಕೂ ಉಸಿರು ಎಲ್ಲಿ ಬಿಡಬೇಕು ಅಂತ ಕೂತು ಕಲಿಸಿದರು. ಉಸಿರಿನ ಬಗ್ಗೆ ಇಷ್ಟು ಗಮನ ಕೊಟ್ಟವಳು ಕ್ಲಾಸಿನಲ್ಲಿ ನಾನೊಬ್ಬಳೇ ಇರಬೇಕು.

ಇನ್ಹೇಲರ್ ತೆಗೆದುಕೊಂಡು ಆಡುವುದು ಮೋಸ ಅನ್ನುವವರಿದ್ದಾರೆ. ಒಲಿಂಪಿಕ್ಸ್‌ಗೂ ಅನ್ವಯಿಸುವ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಲ್ಲೇ ಉಸಿರುನಾಳ ಸಡಿಲಿಸುವ ಔಷಧವಾದ ಸಾಲ್ಬುಟಮಾಲ್ ಇನ್ಹೇಲರ್‌ಗೆ ಅವಕಾಶ ಇದೆ. 24 ಗಂಟೆಗೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ಎರಡು ಪಫ್ ಅಂದರೆ 200. ಒಲಿಂಪಿಕ್ಸ್‌ಗೆ ಸರಿ ಅನ್ನಿಸಿದ್ದು ನಮ್ಮ ಬಡಾವಣೆಯ ಟೆಸ್ಟಿಗೆ ಯಾಕೆ ಸರಿ ಅನ್ನಿಸಬಾರದು?

ಕರಾಟೆಯ ಶೋಟೊಕಾನ್ ಶೈಲಿ ಕಲಿಸುವ ಕಡೆ ಗೋಡೆಯ ಮೇಲೆ ಗಿಚಿನ್ ಫುನಾಕೋಶಿ ಅವರ ಫೋಟೋ ಇರುತ್ತದೆ. 1868ರಲ್ಲಿ ಓಕಿನಾವದಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದವರು. ಕಾಯಿಲೆಯ ಮಗು, ಜಾಸ್ತಿ ದಿನ ಬದುಕುವುದಿಲ್ಲ ಅಂದುಕೊಂಡಿದ್ದರು ಮನೆಯವರು. ಕರಾಟೆ ಕಲಿಯುತ್ತಾ ಅವರ ಆರೋಗ್ಯ ಸುಧಾರಿಸಿತು. 1922ರಲ್ಲಿ ಈ ವಿದ್ಯೆಯನ್ನು ಟೋಕಿಯೋಗೆ ತಂದು ತೋರಿಸಿದ್ದೂ ಅವರೇ. ಅವರ ಫೋಟೋಗೆ ತಲೆಬಾಗಿ, ಆಮೇಲೆ ಕಾಯಿಲೆಯವರು ಇಲ್ಲಿಗೆ ಯಾಕೆ ಬಂದರು ಅಂತ ಕೇಳುವುದು ನನಗೆ ಅರ್ಥವಾಗುವುದಿಲ್ಲ.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಪಿಲ್ ಪರ್ಮಾರ್ ಜೂಡೋದಲ್ಲಿ ಕಂಚು ಗೆದ್ದರು. ಭಾರತಕ್ಕೆ ಅಲ್ಲಿ ಜೂಡೋದ ಮೊದಲ ಪದಕ ಅದು. ದೃಷ್ಟಿ ಇಲ್ಲದವರ ಜೂಡೋದಲ್ಲಿ ಇಬ್ಬರೂ ಪರಸ್ಪರ ಹಿಡಿತ ಹಾಕಿಕೊಂಡ ಮೇಲೆಯೇ ಆಟ ಶುರು. ಆಮೇಲೆ ಎತ್ತಿ ಒಗೆಯುವುದು ಒಗೆಯುವುದೇ. ಅದರಲ್ಲಿ ರಿಯಾಯಿತಿ ಇಲ್ಲ.

ಬದಲಾವಣೆ ಬೇಡ ಅನ್ನುವವರು ಹೇಳುವುದು ಕೊನೆಗೆ ಇಷ್ಟೇ: ಗಟ್ಟಿಮುಟ್ಟಾದವರಿಗೆ ಮಾತ್ರ ಬೆಲ್ಟ್, ಉಳಿದವರು ಮನೆಯಲ್ಲಿರಿ. ಮುಂದಿನ ಟೆಸ್ಟಿಗೆ ಹಾಳೆ ಸಿದ್ಧ ಮಾಡುವ ಮಾಸ್ಟರ್‌ಗಳು ದಯವಿಟ್ಟು ಒಂದು ಕಾಲಂ ಸೇರಿಸಲಿ: ಆರೋಗ್ಯದ ತೊಂದರೆ ಏನಾದರೂ ಇದೆಯೇ, ಔಷಧ ಎಲ್ಲಿ ಇಟ್ಟಿದ್ದೀರಿ?

ವಿರೋಧ: ಕ್ಲಾಸ್ ಬದಲಾಗಲಿ, ಟೆಸ್ಟ್ ಬೇಡ

ಈ ಬದಿಯಿಂದ ಬರೆಯಲು ನನ್ನನ್ನು ಕೇಳಿದ್ದಾರೆ. ಮೊದಲೇ ಹೇಳುತ್ತೇನೆ, ಇನ್ಹೇಲರ್ ಅಂಗಳದ ಪಕ್ಕದಲ್ಲಿ ಇರಬೇಕು ಅನ್ನುವುದಕ್ಕೆ ನನ್ನ ವಿರೋಧ ಇಲ್ಲ. ಅದನ್ನು ಕೋಣೆಯಲ್ಲಿ ಇಡಿಸುವುದು ತಪ್ಪು. ಕ್ಲಾಸಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಮೈಗೆ ಒಗ್ಗುವಂತೆ ಕಲಿಸಬೇಕು ಅನ್ನುವುದನ್ನೂ ಒಪ್ಪುತ್ತೇನೆ. ನನ್ನ ತಕರಾರು ಟೆಸ್ಟಿನ ಬಗ್ಗೆ ಮಾತ್ರ.

ಬೆಲ್ಟ್ ಸೊಂಟಕ್ಕೆ ಬಂದ ಮೇಲೆ ಅದರ ಮೇಲೆ ಏನೂ ಬರೆದಿರುವುದಿಲ್ಲ. ಸರ್ಟಿಫಿಕೇಟಿನಲ್ಲೂ ಹೆಸರು, ದರ್ಜೆ, ದಿನಾಂಕ, ಸಹಿ ಅಷ್ಟೇ. ಯಾರಿಗೆ ಬಿಡುವು ಕೊಟ್ಟರು, ಯಾರಿಗೆ ಕೊಡಲಿಲ್ಲ ಅನ್ನುವುದು ನೋಡುವವರಿಗೆ ಗೊತ್ತಾಗುವುದಿಲ್ಲ. ಕಪ್ಪು ಬೆಲ್ಟ್ ಬಂದವರಲ್ಲಿ ಎಷ್ಟೋ ಜನ ಮುಂದೆ ಮಕ್ಕಳಿಗೆ ಕಲಿಸುತ್ತಾರೆ. ತಂದೆ ತಾಯಿ ಆ ಬೆಲ್ಟ್ ನೋಡಿಯೇ ಮಕ್ಕಳನ್ನು ಕಳಿಸುತ್ತಾರೆ.

ಪ್ಯಾರಾ ಜೂಡೋ ಉದಾಹರಣೆ ಒಳ್ಳೆಯದೇ. ಆದರೆ ಅಲ್ಲಿ ಪೂರ್ತಿ ದೃಷ್ಟಿ ಇಲ್ಲದವರಿಗೆ ಜೆ1, ಸ್ವಲ್ಪ ದೃಷ್ಟಿ ಇರುವವರಿಗೆ ಜೆ2 ಅಂತ ಬೇರೆ ಬೇರೆ ವಿಭಾಗ ಇವೆ. ಕರಾಟೆಯಲ್ಲೂ 2014ರ ಬ್ರೆಮೆನ್ ವಿಶ್ವ ಚಾಂಪಿಯನ್‌ಶಿಪ್‌ನಿಂದ ಪ್ಯಾರಾ ವಿಭಾಗ ಇದೆ. ಗಾಲಿಕುರ್ಚಿಯಲ್ಲಿ ಕೂತು ಕಟಾ ಮಾಡುವವರಿಗೆ ಅವರದೇ ಗುಂಪು. ಅಲ್ಲಿ ನಿಯಮ ಬರೆದಿದೆ. ಎಲ್ಲರಿಗೂ ಒಂದೇ ಥರ ಅನ್ವಯಿಸುತ್ತದೆ. ನಮ್ಮ ಕ್ಲಾಸುಗಳಲ್ಲಿ ಅಂಥ ಬರೆದ ನಿಯಮ ಎಲ್ಲಿದೆ? ಆ ಹೊತ್ತಿಗೆ ಮಾಸ್ಟರ್‌ಗೆ ಏನು ತೋಚಿತೋ ಅದು. ಇವತ್ತು ಎರಡು ನಿಮಿಷ ಬಿಡುವು. ನಾಳೆ ಐದು ಸುತ್ತಿನ ಬದಲು ಎರಡು. ನಾಡಿದ್ದು ಡಾಕ್ಟರ್ ಚೀಟಿ ತಂದರೆ ಕುಮಿಟೆಯೇ ಬೇಡ. ಫೀಸು ಕಟ್ಟಿದರೆ ಬೆಲ್ಟ್ ಕೊಡುವ ಕ್ಲಾಸುಗಳು ಈಗಾಗಲೇ ಇವೆ ಅಂತ ಎಲ್ಲರಿಗೂ ಗೊತ್ತು. ಅವರಿಗೆ ಇದು ಇನ್ನೊಂದು ಬಾಗಿಲು.

ಮಾಸ್ಟರ್ ಡಾಕ್ಟರ್ ಅಲ್ಲ, ಇದನ್ನೂ ಯೋಚಿಸಬೇಕು. ಸುಯ್ ಅನ್ನುವ ಸದ್ದು ಕೇಳಿದ ಮೇಲೆ ಎರಡು ನಿಮಿಷ ಸಾಕಾ, ಸಾಲದಾ? ಆಟ ನಿಲ್ಲಿಸಿದ ಮೇಲೆ ಐದು, ಹತ್ತು ನಿಮಿಷಕ್ಕೆ ಉಬ್ಬಸ ಇನ್ನೂ ಜೋರಾಗುವುದುಂಟು. ಬಿಡುವು ಕೊಟ್ಟು ಮತ್ತೆ ಅಂಗಳಕ್ಕೆ ಇಳಿಸಿದವರೇ ಹೊಣೆ ಆಗುತ್ತಾರೆ. ಅಂಥ ಹೊತ್ತಿನಲ್ಲಿ ಟೆಸ್ಟ್ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ದಿನ ಬನ್ನಿ ಅನ್ನುವುದೇ ಸುರಕ್ಷಿತ.

ನನ್ನ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಹೆಯಾನ್ ಗೊದಾನ್ ಕಟಾದಲ್ಲಿ ಒಂದು ಜಿಗಿತ ಬರುತ್ತದೆ. ಅದನ್ನು ಬಿಟ್ಟು ಮಾಡಲಾ ಅಂತ ನಮ್ಮ ಮಾಸ್ಟರ್ ಹತ್ತಿರ ಕೇಳಿದೆ. "ಕ್ಲಾಸಲ್ಲಿ ಬಿಟ್ಟು ಮಾಡು. ಟೆಸ್ಟಿಗೆ ಜಿಗಿಯೋಕೆ ಆದಾಗ ಬಾ" ಅಂದರು. ಜೊತೆಯವರು ಮುಂದಿನ ಬೆಲ್ಟಿಗೆ ಹೋದರು, ನಾನು ಕಾದೆ. ತೊಡೆಯ ಸ್ನಾಯು ಮತ್ತೆ ಗಟ್ಟಿಯಾಗುವ ತನಕ ಫಿಸಿಯೋಥೆರಪಿ ಮಾಡಿದೆ. ಮೊದಲು ಒಂದು ಮೆಟ್ಟಿಲಿನಿಂದ ಕೆಳಗೆ ಜಿಗಿಯುವುದು, ಆಮೇಲೆ ಮೆತ್ತನೆಯ ಚಾಪೆಯ ಮೇಲೆ. ಟೆಸ್ಟಿನ ದಿನ ಜಿಗಿದು ಎರಡೂ ಪಾದ ಊರಿ ಕೂತಾಗ ಆದ ಸಂತೋಷ ನನಗೆ ಬೇರೆ ಯಾವ ಬೆಲ್ಟ್ ಬಂದಾಗಲೂ ಆಗಿಲ್ಲ. ಆ ಜಿಗಿತ ಬಿಟ್ಟು ಪಾಸ್ ಮಾಡಿದ್ದರೆ ಅದು ನನಗೆ ಸಿಗುತ್ತಿರಲಿಲ್ಲ.

ಮಂಡಿ ವಾಸಿಯಾಗುತ್ತದೆ, ಉಬ್ಬಸ ಪೂರ್ತಿ ವಾಸಿಯಾಗುವುದಿಲ್ಲ ಅಂತ ಹೇಳುವವರಿರಬಹುದು. ಆದರೆ ಉಬ್ಬಸ ಹಿಡಿತಕ್ಕೆ ಬರುತ್ತದೆ. ಔಷಧ ಸರಿಯಾಗಿ ತೆಗೆದುಕೊಂಡು, ಅಭ್ಯಾಸ ಮಾಡಿ, ಹಿಡಿತಕ್ಕೆ ಬಂದ ಕಾಲಕ್ಕೆ ಟೆಸ್ಟಿಗೆ ಬರಬಹುದಲ್ವಾ? ಡಿಸೆಂಬರಿನಲ್ಲೇ ಬರಬೇಕು ಅಂತ ಯಾರೂ ಹೇಳಿಲ್ಲ.

ಸುತ್ತುಗಳ ನಡುವೆ ಬಿಡುವು ಬೇಕೇ ಬೇಕು ಅಂತಾದರೆ ಎಲ್ಲರಿಗೂ ಕೊಡಿ, ಅದನ್ನು ಟೆಸ್ಟಿನ ನಿಯಮದಲ್ಲೇ ಬರೆಯಿರಿ. ಅದಕ್ಕೆ ನನ್ನ ಅಡ್ಡಿ ಇಲ್ಲ. ಒಬ್ಬರಿಗೆ ಮಾತ್ರ, ಬಾಯಿಮಾತಿನಲ್ಲಿ ಕೊಡುವುದು ಬೇಡ.